ಗಾಯ ಮಾಡುವುದು ಸಂಪ್ರದಾಯವೇ?

ಮಾನ್ಯ ಸಂಪಾದಕರೇ,

ಸೇನೆಯಲ್ಲಿ ಹೊಸಬರಿಗೆ ಹಿರಿಯರು ಕೊಡುವ ಕಿರುಕುಳದ ಸುದ್ದಿ ಬಂದಾಗಲೆಲ್ಲ ‘ಅದು ಸಂಪ್ರದಾಯ, ಹೊರಗಿನವರಿಗೆ ಅರ್ಥವಾಗದು’ ಎಂಬ ಸಮಜಾಯಿಷಿ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು.

ಕಠಿಣ ತರಬೇತಿಗೆ ನನ್ನ ತಕರಾರಿಲ್ಲ. ಭಾರ ಹೊರಿಸಿ ಓಡಿಸುವುದು, ನಿದ್ದೆಗೆಡಿಸುವುದು ಯುದ್ಧದ ಸಿದ್ಧತೆ. ಅದಕ್ಕೆ ಹೊಣೆಗಾರ ಅಧಿಕಾರಿ ಇರುತ್ತಾರೆ, ವೈದ್ಯರಿರುತ್ತಾರೆ. ಬ್ಯಾರಕ್ಕಿನ ಬಾಗಿಲು ಮುಚ್ಚಿ ನಡೆಸುವ ‘ಸ್ವಾಗತ’ಕ್ಕೆ ಯಾರು ಹೊಣೆ?

ಅಮೆರಿಕದ ಮರೀನ್ ಪಡೆಯ ವಿಡಿಯೊವೊಂದು 1997ರಲ್ಲಿ ಟಿ.ವಿ.ಯಲ್ಲಿ ಪ್ರಸಾರವಾಯಿತು. ಪ್ಯಾರಾಚೂಟ್ ತರಬೇತಿ ಮುಗಿಸಿದವರ ಎದೆಗೆ ಲಾಂಛನವಿಟ್ಟು, ಅದರ ಹಿಂಬದಿಯ ಚೂಪು ಮೊನೆಗಳು ಚರ್ಮಕ್ಕಿಳಿಯುವಂತೆ ಗುದ್ದುತ್ತಿದ್ದರು. ಅದನ್ನು ಅಂಗಿಗಷ್ಟೇ ಚುಚ್ಚಿ ಕೈಕುಲುಕಿದ್ದರೆ ಗೌರವಕ್ಕೇನು ಕೊರತೆಯಾಗುತ್ತಿತ್ತು? ಕೆನಡಾ 1995ರಲ್ಲಿ ಪ್ಯಾರಾಚೂಟ್‌ನಲ್ಲಿ ಇಳಿಯುವ ತನ್ನ ಸೇನಾ ತುಕಡಿ ಏರ್‌ಬೋರ್ನ್ ರೆಜಿಮೆಂಟನ್ನೇ ವಿಸರ್ಜಿಸಿತು. ಸೊಮಾಲಿಯಾದಲ್ಲಿ ಅದರ ಸೈನಿಕರು ಹದಿಹರೆಯದವನೊಬ್ಬನನ್ನು ಹಿಂಸಿಸಿ ಕೊಂದಿದ್ದರು. ಬಳಿಕ ರೆಜಿಮೆಂಟಿನೊಳಗಿನ ಇಂಥ ಕಿರುಕುಳದ ವಿಡಿಯೊಗಳೂ ಹೊರಬಂದವು. ಇವೆರಡಕ್ಕೂ ನಂಟಿದೆ ಎಂದೇ ನನಗನಿಸುತ್ತದೆ. ತನ್ನವರ ಘನತೆಯನ್ನೇ ತುಳಿಯಲು ಕಲಿತ ಪಡೆ ಪರರ ಘನತೆಯನ್ನು ಕಾಯುವುದುಂಟೆ?

ಹಡಗು ಸಮಭಾಜಕ ವೃತ್ತ ದಾಟುವಾಗ ನೌಕಾಪಡೆಗಳಲ್ಲಿ ನಡೆಯುವ ವೇಷ, ವಿನೋದದ ಆಚರಣೆಯಲ್ಲೂ ಹಿಂದೆ ಹೊಡೆತಗಳಿದ್ದವು. ಅಮೆರಿಕದ ನೌಕಾಪಡೆಯಲ್ಲಿ ಈಗ ಅದು ಐಚ್ಛಿಕ. ಆಚರಣೆ ಉಳಿದೇ ಇದೆ. ‘ಬೇಡ’ ಎನ್ನಲು ಅವಕಾಶವಿದೆಯೇ, ಹಾಗೆಂದವನನ್ನು ಮರುದಿನವೂ ಜೊತೆಗಾರನೆಂದು ಕಾಣುತ್ತಾರೆಯೇ? ನನ್ನ ಪ್ರಕಾರ ಸಂಪ್ರದಾಯಕ್ಕೂ ಕಿರುಕುಳಕ್ಕೂ ನಡುವಿನ ಗೆರೆ ಇರುವುದು ಇಲ್ಲಿ.

ಕಿರುಕುಳದ ದೂರನ್ನು ಅದೇ ತುಕಡಿಯ ಅಧಿಕಾರಿಯೇ ವಿಚಾರಿಸುವ ಪದ್ಧತಿ ಎಲ್ಲೇ ಇರಲಿ, ಮೊದಲು ಅದು ನಿಲ್ಲಬೇಕು.

– ಒಬ್ಬ ಓದುಗ