ಉಪಗ್ರಹ ಸಂಪರ್ಕದ ಫೋನ್: ಕೊಳ್ಳುವವರಿಗೆ ನಿಜ ಸ್ಥಿತಿ ತಿಳಿಯಲಿ

ಮಾನ್ಯ ಸಂಪಾದಕರೇ,

ಟವರ್ ಇಲ್ಲದ ಕಡೆಯಲ್ಲೂ ಉಪಗ್ರಹದ ಮೂಲಕ ಕೆಲಸ ಮಾಡುವ ಮೊಬೈಲ್ ಫೋನ್ ಯಾವುದು ಎಂಬ ವಿಚಾರಣೆ ಬೆಳಗಾವಿಯ ಅಂಗಡಿಗಳಲ್ಲಿ ಹೆಚ್ಚುತ್ತಿದೆ. ಕೇಳುವವರಲ್ಲಿ ಖಾನಾಪುರ ತಾಲ್ಲೂಕಿನ ಕಾಡಿನ ಊರುಗಳವರೂ ಇದ್ದಾರೆ, ಕೃಷ್ಣಾ ತೀರದ ರೈತ ಕುಟುಂಬಗಳವರೂ ಇದ್ದಾರೆ. ಕೆಲವು ಮಾರಾಟಗಾರರು ದುಬಾರಿ ಫೋನೊಂದನ್ನು ಮುಂದಿಟ್ಟು ‘ಇದರಲ್ಲಿ ಸ್ಯಾಟಲೈಟ್ ಇದೆ’ ಎಂದಷ್ಟೇ ಹೇಳಿ ವ್ಯಾಪಾರ ಮುಗಿಸುತ್ತಾರೆ. ಆ ಮಾತು ಸುಳ್ಳಲ್ಲವಾದರೂ, ಅದನ್ನು ನಂಬಿ ಸಾಲ ಮಾಡಿಯಾದರೂ ಹಣ ಹೊಂದಿಸುವವರಿಗೆ ತಿಳಿಯಲೇಬೇಕಾದ ಸಂಗತಿಗಳು ಅದರಲ್ಲಿ ಬಿಟ್ಟುಹೋಗಿರುತ್ತವೆ. ಅವುಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಇಂಥ ಫೋನಿನ ಅಗತ್ಯ ನಮ್ಮ ಜಿಲ್ಲೆಗೆ ಇಲ್ಲವೆಂದು ಯಾರೂ ಹೇಳಲಾರರು. ಭೀಮಗಡ ವನ್ಯಜೀವಿ ಧಾಮದೊಳಗಿನ ಆಮಗಾಂವ, ಗವಾಳಿ, ಪಾಸ್ತೋಲಿ, ಕೊಂಗಳಾದಂಥ ಊರುಗಳಲ್ಲಿ ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಯನ್ನು ಹೊತ್ತುಕೊಂಡೇ ದಾಟಿಸಬೇಕು. ಆಂಬುಲೆನ್ಸ್ ಕರೆಯಬೇಕೆಂದರೂ ಸಿಗ್ನಲ್ ಸಿಗುವ ಜಾಗವನ್ನು ಮೊದಲು ಹುಡುಕಬೇಕು. 2019ರ ಆಗಸ್ಟ್‌ನ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಕರೆಂಟ್ ಹೋಗಿ, ಅದರ ಹಿಂದೆಯೇ ಮೊಬೈಲ್ ಸಂಪರ್ಕವೂ ಹೋದದ್ದನ್ನು ನಾವು ಮರೆತಿಲ್ಲ. ಕಷ್ಟ ಕಂಡವರು ಪರಿಹಾರ ಹುಡುಕುವುದು ಸಹಜ. ಆದ್ದರಿಂದಲೇ ಅವರಿಗೆ ಅರ್ಧ ಮಾಹಿತಿ ಕೊಡುವುದು ದೊಡ್ಡ ತಪ್ಪು.

ಮೊದಲನೆಯದಾಗಿ, ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲಿರುವ ಜಿಪಿಎಸ್ ಅನ್ನೇ ಉಪಗ್ರಹ ಸಂಪರ್ಕವೆಂದು ತಿಳಿದವರು ಅನೇಕರಿದ್ದಾರೆ. ಜಿಪಿಎಸ್ ಆಗಲಿ, ನಮ್ಮ ದೇಶದ ನಾವಿಕ್ ಆಗಲಿ, ಉಪಗ್ರಹ ಕಳಿಸುವ ಸಂಕೇತವನ್ನು ಕೇಳಿಸಿಕೊಂಡು ಫೋನ್ ಎಲ್ಲಿದೆಯೆಂದು ಲೆಕ್ಕ ಹಾಕಲು ಮಾತ್ರ ನೆರವಾಗುತ್ತವೆ. ಫೋನಿನಿಂದ ಒಂದಕ್ಷರವೂ ಅವುಗಳ ಮೂಲಕ ಮೇಲಕ್ಕೆ ಹೋಗುವುದಿಲ್ಲ.

ಸಂದೇಶ ಕಳಿಸಬಲ್ಲ ಫೋನ್‌ಗಳು ಬೇರೆಯೇ. ಆಪಲ್ ಕಂಪನಿಯು 2022ರಲ್ಲಿ ಐಫೋನ್ 14ರೊಂದಿಗೆ ಗ್ಲೋಬಲ್‌ಸ್ಟಾರ್ ಉಪಗ್ರಹಗಳ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವನ್ನು ತಂದು, ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಆರಂಭಿಸಿತು. ಗೂಗಲ್ 2024ರಲ್ಲಿ ಪಿಕ್ಸೆಲ್ 9 ಸರಣಿಯಲ್ಲಿ ಅಂಥದೇ ಸೌಲಭ್ಯವನ್ನು ಮೊದಲು ಅಮೆರಿಕದಲ್ಲಿ ಕೊಟ್ಟಿತು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25ರಲ್ಲಿ ಅದು ಗ್ರಾಹಕ ಬಳಸುವ ದೂರಸಂಪರ್ಕ ಕಂಪನಿ ಅನುವು ಮಾಡಿಕೊಟ್ಟರೆ ಮಾತ್ರ ದೊರೆಯುತ್ತದೆ. ಯಂತ್ರ ಅದೇ ಆಗಿದ್ದರೂ, ನಿಂತಿರುವ ನೆಲದ ಸರ್ಕಾರ ಅನುಮತಿ ಕೊಟ್ಟಿರಬೇಕು, ಉಪಗ್ರಹ ಕಂಪನಿ ಅಲ್ಲಿ ಸೇವೆ ನಡೆಸುತ್ತಿರಬೇಕು, ಬಂದ ಮೊರೆಯನ್ನು ಅಲ್ಲಿನ ತುರ್ತು ಸೇವೆಗೆ ದಾಟಿಸುವ ವ್ಯವಸ್ಥೆಯೂ ಇರಬೇಕು. ಆಪಲ್‌ನ ಈ ಸೇವೆ ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತ ಇನ್ನೂ ಸೇರಿಲ್ಲ. ಬೆಳಗಾವಿಯಲ್ಲಿ ಕೊಂಡ ಐಫೋನ್ ಅಮೆರಿಕಕ್ಕೆ ಹೋದಾಗ ಉಪಗ್ರಹಕ್ಕೆ ಸಂದೇಶ ಕಳಿಸಬಲ್ಲದು, ಆದರೆ ಜಾಂಬೋಟಿಯ ಕಾಡಿನಲ್ಲಿ ಕಳಿಸಲಾರದು. ಈ ಒಂದು ವಾಕ್ಯವನ್ನು ಮಾರುವವರು ಕೊಳ್ಳುವವರಿಗೆ ಹೇಳಿದರೆ ಎಷ್ಟೋ ಮನೆಗಳ ಹಣ ಉಳಿಯುತ್ತದೆ.

ಹೊರದೇಶದಲ್ಲಿರುವ ಮಕ್ಕಳಿಂದ ತರಿಸಿಕೊಂಡರೆ ನಡೆಯಬಹುದೆಂಬ ಇನ್ನೊಂದು ನಂಬಿಕೆಯಿದೆ. ಅದೂ ಪ್ರಯೋಜನವಿಲ್ಲ. ಸೇವೆಯನ್ನು ನಿರ್ಧರಿಸುವುದು ಫೋನ್ ಈಗ ಇರುವ ಜಾಗ. ಮೇಲಾಗಿ ಅಮೆರಿಕದಲ್ಲಿ ಮಾರಾಟವಾಗುವ ಐಫೋನ್‌ಗಳಿಗೆ 14ನೆಯ ಸರಣಿಯಿಂದ ಸಿಮ್ ಹಾಕುವ ಜಾಗವೇ ಇಲ್ಲ. ಇ-ಸಿಮ್, ಅಂದರೆ ಫೋನಿನೊಳಗೇ ಅಳವಡಿಸಿದ ಸಿಮ್ ಮಾತ್ರ ನಡೆಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕೊಲ್ಲಿ ದೇಶಗಳಿಂದ ಬರುವವರು ಥುರಾಯಾ ಅಥವಾ ಇರಿಡಿಯಂ ಫೋನ್ ತಂದುಕೊಡುವ ವಿಚಾರ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥ ಉಪಗ್ರಹ ಫೋನ್‌ಗಳನ್ನು ಇಟ್ಟುಕೊಳ್ಳುವುದೂ ಬಳಸುವುದೂ ನಮ್ಮ ದೇಶದಲ್ಲಿ ಅಪರಾಧ. 2024ರ ಡಿಸೆಂಬರ್‌ನಲ್ಲಿ ಪಕ್ಕದ ಗೋವಾದ ವಿಮಾನ ನಿಲ್ದಾಣದಲ್ಲಿ, ಚಾರಣಿಗರು ಬಳಸುವ ಉಪಗ್ರಹ ಸಂದೇಶ ಸಾಧನವೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ ವಿದೇಶಿ ಮಹಿಳೆಯೊಬ್ಬರ ಮೇಲೆ ಪೊಲೀಸ್ ಕ್ರಮ ಜರುಗಿತು. ಪ್ರೀತಿಯಿಂದ ತಂದುಕೊಟ್ಟ ವಸ್ತುವಿಗಾಗಿ ನಮ್ಮ ಭಾಗದವರು ಠಾಣೆಯ ಮೆಟ್ಟಿಲು ಹತ್ತುವಂತಾಗಬಾರದು. ದೇಶದಲ್ಲಿ ಕಾನೂನುಬದ್ಧವಾಗಿ ಉಪಗ್ರಹ ಫೋನ್ ಪಡೆಯುವ ದಾರಿ ಬಿಎಸ್‌ಎನ್‌ಎಲ್ ಮೂಲಕ ಇದೆಯಾದರೂ, ಅದರ ಬೆಲೆ ಮತ್ತು ನಿಯಮಗಳು ಸಾಮಾನ್ಯ ಕುಟುಂಬಕ್ಕೆ ಹೊಂದುವಂಥವಲ್ಲ.

ಬಿಎಸ್‌ಎನ್‌ಎಲ್ ಮತ್ತು ಉಪಗ್ರಹ ಕಂಪನಿ ವಯಾಸ್ಯಾಟ್ ಸೇರಿ ಉಪಗ್ರಹದಿಂದ ನೇರವಾಗಿ ಫೋನಿಗೆ ಸಂಪರ್ಕ ಕೊಡುವ ಸೇವೆಯನ್ನು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ್ದನ್ನೂ, 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿದ್ದನ್ನೂ ಅಂಗಡಿಯವರು ಉದಾಹರಿಸುತ್ತಾರೆ. ಸ್ಟಾರ್‌ಲಿಂಕ್‌ಗೆ ಸಿಕ್ಕ ಆ ಪರವಾನಗಿ ಮನೆಯ ಮೇಲೆ ತಟ್ಟೆಯಂಥ ಆಂಟೆನಾ ಕೂರಿಸಿ ಪಡೆಯುವ ಇಂಟರ್ನೆಟ್‌ಗೆ ಸಂಬಂಧಿಸಿದ್ದು. ಕೈಯಲ್ಲಿರುವ ಫೋನಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಬಿಎಸ್‌ಎನ್‌ಎಲ್ ಸೇವೆ ಯಾವ ಫೋನ್‌ಗಳಲ್ಲಿ, ಯಾವ ದರದಲ್ಲಿ, ಯಾವಾಗ ನಮ್ಮ ತಾಲ್ಲೂಕಿನ ಗ್ರಾಹಕರಿಗೆ ದೊರೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಪ್ರಕಟಿಸಬೇಕೆಂದು ಆ ಸಂಸ್ಥೆಯನ್ನು ವಿನಂತಿಸುತ್ತೇನೆ.

ನಾಳೆ ಎಲ್ಲ ಅನುಮತಿಗಳೂ ದೊರೆತವೆಂದು ಇಟ್ಟುಕೊಂಡರೂ, ಫೋನಿನ ಸಣ್ಣ ಆಂಟೆನಾಕ್ಕೆ ಉಪಗ್ರಹ ಸಿಗಬೇಕಾದರೆ ಬಯಲು ಆಕಾಶ ಬೇಕು. ಗ್ಲೋಬಲ್‌ಸ್ಟಾರ್ ಉಪಗ್ರಹಗಳು ನೆಲದಿಂದ ಸುಮಾರು 1,400 ಕಿ.ಮೀ. ಎತ್ತರದಲ್ಲಿ ಓಡುತ್ತಿರುತ್ತವೆ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ದೂರದಲ್ಲಿವೆ. ಇಂಥ ಸಂದೇಶಗಳಿಗೆ ಬಳಸುವ ತರಂಗಗಳಿಗೆ ಮಳೆ ಅಷ್ಟೇನೂ ಅಡ್ಡಿಯಾಗದು. ಆದರೆ ಮನೆಯ ಮಾಡು, ಗುಡ್ಡದ ಮರೆ, ಒತ್ತಾಗಿ ಬೆಳೆದ ಮರಗಳ ಎಲೆಗಳು ಅವನ್ನು ತಡೆಯುತ್ತವೆ. ತೆರೆದ ಬಯಲಿನಲ್ಲಿ ಹದಿನೈದು ಸೆಕೆಂಡಿಗೆ ಹೋಗಬಹುದಾದ ಸಂದೇಶಕ್ಕೆ ಮರಗಳ ಕೆಳಗೆ ನಿಮಿಷಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ ಎಂದು ಆಪಲ್ ತಾನೇ ತಿಳಿಸಿದೆ. ದಟ್ಟ ಕಾಡಿನ ನಡುವಿನ ಕಣಕುಂಬಿ, ಆಮಗಾಂವ ಕಡೆಯವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಕಾಯುವವರಿಗೆ ಸಮಾಧಾನ ಕೊಡುವ ಬೆಳವಣಿಗೆಯೊಂದಿದೆ. ಉಪಗ್ರಹವನ್ನೇ ಆಕಾಶದ ಟವರ್‌ನಂತೆ ರೂಪಿಸಿ, ಈಗಾಗಲೇ ಜನರ ಕೈಯಲ್ಲಿರುವ 4ಜಿ ಫೋನ್‌ಗಳಿಗೇ ಸಂಪರ್ಕ ಕೊಡುವ ತಂತ್ರಜ್ಞಾನ ಬಂದಿದೆ. ಅಮೆರಿಕದಲ್ಲಿ ಟಿ-ಮೊಬೈಲ್ ಕಂಪನಿ ಸ್ಟಾರ್‌ಲಿಂಕ್ ಉಪಗ್ರಹಗಳ ಮೂಲಕ 2025ರ ಜುಲೈನಲ್ಲಿ ಈ ಸೇವೆ ಆರಂಭಿಸಿತು. ಇದೇ ದಾರಿ ಹಿಡಿದಿರುವ ಎಎಸ್‌ಟಿ ಸ್ಪೇಸ್‌ಮೊಬೈಲ್ ಕಂಪನಿಯ ಸುಮಾರು 6,100 ಕೆ.ಜಿ. ತೂಕದ ಬ್ಲೂಬರ್ಡ್ ಉಪಗ್ರಹವನ್ನು 2025ರ ಡಿಸೆಂಬರ್ 24ರಂದು ಕಕ್ಷೆಗೆ ಸೇರಿಸಿದ್ದು ನಮ್ಮ ಇಸ್ರೊದ ಎಲ್‌ವಿಎಂ3 ರಾಕೆಟ್ ಎಂಬುದು ಹೆಮ್ಮೆಯ ಸಂಗತಿ. ಈ ಬಗೆಯ ಸೇವೆ ನಮ್ಮಲ್ಲಿಗೆ ಬಂದಾಗ ಬೇಕಾಗುವುದು ಸೇವಾ ಕಂಪನಿಗಳ ಒಪ್ಪಂದ ಮತ್ತು ಸರ್ಕಾರದ ಅನುಮತಿ. ಅದಕ್ಕಾಗಿ ಇಂದೇ ಲಕ್ಷ ರೂಪಾಯಿಯ ಫೋನ್ ಕೊಂಡಿಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಹಾಗಾದರೆ ಈ ಮಳೆಗಾಲಕ್ಕೆ ಎಂಥ ಫೋನ್ ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ. 700 ಮೆಗಾಹರ್ಟ್ಸ್ ತರಂಗಗಳನ್ನು, ಅಂದರೆ ಬ್ಯಾಂಡ್ 28 ಅನ್ನು ಹಿಡಿಯುವ ಫೋನ್ ಆಗಿರಲಿ. ಬಿಎಸ್‌ಎನ್‌ಎಲ್ 4ಜಿ ಬಳಸುವ ಈ ಕಡಿಮೆ ಆವರ್ತನದ ತರಂಗಗಳು ಹೆಚ್ಚು ದೂರ ಸಾಗುತ್ತವೆ ಮತ್ತು ಅಡೆತಡೆಗಳನ್ನು ದಾಟುವುದರಲ್ಲಿ ಮೇಲು. ಎರಡು ಸಿಮ್ ಹಾಕುವ ಅನುಕೂಲವಿದ್ದು, ಬೇರೆ ಬೇರೆ ಕಂಪನಿಗಳ ಸಿಮ್ ಇಟ್ಟುಕೊಳ್ಳಲಿ. ಬ್ರಾಡ್‌ಬ್ಯಾಂಡ್ ಸಂಪರ್ಕ ಬಂದಿರುವ ಊರುಗಳಲ್ಲಿ ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ಬಹಳ ಉಪಯುಕ್ತ. ಬ್ಯಾಟರಿ ದೊಡ್ಡದಿರಲಿ, ಜೊತೆಗೊಂದು ಪವರ್ ಬ್ಯಾಂಕ್ ಇರಲಿ. ತಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ ಎಂಬುದನ್ನು ಮನೆಯ ಮಕ್ಕಳಿಗೂ ಹಿರಿಯರಿಗೂ ತಿಳಿಸಿರಬೇಕು.

ಆದರೂ ಈ ಹೊಣೆಯನ್ನೆಲ್ಲ ಕೊಳ್ಳುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಉಪಗ್ರಹ ಸೌಲಭ್ಯದ ಹೆಸರಿನಲ್ಲಿ ಫೋನ್ ಮಾರುವ ಕಂಪನಿಗಳು ‘ಈ ಸೌಲಭ್ಯ ಭಾರತದಲ್ಲಿ ಲಭ್ಯವಿಲ್ಲ’ ಎಂದು ಪೆಟ್ಟಿಗೆಯ ಮೇಲೆಯೂ ಜಾಹೀರಾತಿನಲ್ಲಿಯೂ ಕನ್ನಡದಲ್ಲಿ ಎದ್ದು ಕಾಣುವಂತೆ ಮುದ್ರಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಅದರಲ್ಲಿ ಖಾನಾಪುರ ತಾಲ್ಲೂಕಿನ ಎಷ್ಟು ಊರುಗಳು ಸೇರಿವೆ, ಎಷ್ಟು ಟವರ್‌ಗಳು ಚಾಲನೆಯಲ್ಲಿವೆ, ಅರಣ್ಯ ಅನುಮತಿಗಾಗಿ ನಿಂತವು ಯಾವುವು ಎಂಬ ವಿವರವನ್ನು ಜಿಲ್ಲಾಡಳಿತ ಪ್ರಕಟಿಸಲಿ. ಸರ್ಕಾರಿ ನಿಧಿಯಿಂದ ನಿಂತ ಟವರ್‌ಗಳನ್ನು ಎಲ್ಲ ಕಂಪನಿಗಳ ಗ್ರಾಹಕರೂ ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆತಿದೆ. ಅದು ನಮ್ಮ ಕಾಡಿನ ಊರುಗಳಲ್ಲೂ ಜಾರಿಯಾಗಬೇಕು. ನದಿ ದಂಡೆಯ ಟವರ್‌ಗಳ ಬ್ಯಾಟರಿ ಮತ್ತು ಜನರೇಟರ್‌ಗಳನ್ನು ಜೂನ್ ಆರಂಭಕ್ಕೆ ಮೊದಲೇ ಪರೀಕ್ಷಿಸಿ, ಪ್ರವಾಹದ ನೀರು ಮುಟ್ಟದ ಎತ್ತರದಲ್ಲಿ ಇರಿಸುವಂತೆ ಜಿಲ್ಲಾಧಿಕಾರಿಗಳು ಸೇವಾ ಕಂಪನಿಗಳಿಗೆ ಲಿಖಿತ ಸೂಚನೆ ನೀಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಖಾನಾಪುರ, ಬೆಳಗಾವಿ ಜಿಲ್ಲೆ