ಎರರ್ ಕಂಡ್ರ ಮರ್ಯಾದಿ ಹೋಗ್ತೈತಿ ಅಂದ ತಂಗೆವ್ವಗ

ಚಿ. ಕು. ತಂಗೆವ್ವಗ ನಿನ್ನ ಕಾಕಾನ ಆಶೀರ್ವಾದ.

ಮನೀ ಸುದ್ದಿ ನಿಮ್ಮವ್ವ ಫೋನಿನ್ಯಾಗ ಹೇಳೇ ಹೇಳಿರ್ತಾಳ, ಅದನ್ನ ಬಿಡ್ತೇನಿ. ಪತ್ರದ ಕಡೀಕ ಒಂದು ಮಾತು ಬರದೀಯಲ್ಲ, ಅದು ನನ್ನ ನಿದ್ದಿ ಕೆಡಿಸೇತಿ. "ಕಾಕಾ, ಈಗ ಎಲ್ಲಾ ಫಂಕ್ಷನ್ನಿಗೂ ಟ್ರೈ-ಎಕ್ಸೆಪ್ಟ್ ಸುತ್ತಿ ಒಳಗ ಪಾಸ್ ಅಂತ ಬರದಬಿಟ್ಟೇನಿ. ನನ್ನ ಕೆಲಸದಾಗ ಎರರ್ ಕಂಡ್ರ ಮೀಟಿಂಗಿನ್ಯಾಗ ಮರ್ಯಾದಿ ಹೋಗ್ತೈತಿ, ಅದರದ ಹೆದರಿಕಿ." ಎರರ್ ಬಂದ್ರ ಹಿಡಿ, ಏನೂ ಮಾಡಬ್ಯಾಡ, ಸುಮ್ಮನ ಮುಂದ ಹೋಗು ಅಂತ ಕಂಪ್ಯೂಟರಿಗೆ ಹೇಳಿಟ್ಟಂಗಾತು. ಕೋಡಿನ ಮಾತು ಆಮ್ಯಾಲ. ಈ ಹೆದರಿಕಿ ನಿನ್ನೊಳಗ ಯಾವಾಗ ಹೊಕ್ಕಿತು?

ನೀ ಬರದ, ಹುಡುಗರು ಫೀ ಕಟ್ಟೋ ವೆಬ್ ಪೇಜನ್ನ ಕಣ್ಣ ಮುಂದ ಇಟ್ಕೊಂಡು ವಿಚಾರ ಮಾಡಿದೆ. ಹುಡುಗನ ರೊಕ್ಕಾ ಜಮಾ ಅಂತ ಬರದಾತು. ಪಾವತಿ ಚೀಟಿ (ರಸೀದಿ) ತಯಾರಾಗೋಕಿಂತ ಮೊದಲ ಒಂದು ಕೀ ಎರರ್, ಅಂದ್ರ ಹುಡುಕಿದ ಹೆಸರಿನ ಮಾಹಿತಿ ಸಿಗಲಾರದ ಎರರ್, ಬಂತು, ನಿನ್ನ ಪಾಸ್ ಅದನ್ನ ನುಂಗಿತು. ಬ್ರೌಸರಿಗೆ 200 ಅನ್ನೋ ಸಂಕೇತ ಹೋತು, ಅಂದ್ರ ಎಲ್ಲಾ ಸುಸೂತ್ರ. ಸರ್ವರ್ ಕಾಯೋರು 500, ಅಂದ್ರ ಸರ್ವರಿನ್ಯಾಗ ಎಡವಟ್ಟಾತು ಅನ್ನೋ ಸಂಕೇತ, ಬಂದ್ರ ಎದ್ದು ನೋಡ್ತಾರ, 200 ಕಂಡು ಯಾರು ಎದ್ದಾರು? ಅದನ್ನೆಲ್ಲಾ ಅಟಾಮಿಕ್ ಬ್ಲಾಕಿನ್ಯಾಗ, ಅಂದ್ರ ಆದ್ರ ಎಲ್ಲಾ ಆಗಬೇಕು ಇಲ್ಲಾಂದ್ರ ಏನೂ ಆಗಬಾರದು ಅನ್ನೋ ಕಟ್ಟಿನೊಳಗ, ಇಟ್ಟೇನಿ ಅಂತೀ. ಎಕ್ಸೆಪ್ಶನ್, ಅಂದ್ರ ಕೋಡ್ ಎತ್ತಿದ ಎರರ್, ಆ ಬ್ಲಾಕ್ ದಾಟಿ ಹೊರಗ ಬಂದ್ರಷ್ಟ, ನೀ ವೆಬ್‌ಸೈಟ್ ಕಟ್ಟಾಕ ಬಳಸೋ ಜ್ಯಾಂಗೊ ಡೇಟಾಬೇಸಿಗೆ ಬರದದ್ದನ್ನ ವಾಪಸ್ ತಗೊಳ್ತೈತಿ. ಒಳಗ ನೀನ ಹಿಡದು ಬಾಯಿ ಮುಚ್ಚಿದ್ರ ಅದಕ್ಕ ಹೆಂಗ ಗೊತ್ತಾಗಬೇಕು? ಅರ್ಧಾ ಆದದ್ದನ್ನ ಖಾಯಂ ಮಾಡಿಬಿಡ್ತೈತಿ. ಬ್ಲಾಕಿನ ಒಳಗ ಎಕ್ಸೆಪ್ಶನ್ ಹಿಡೀಬ್ಯಾಡ್ರಿ, ಹೊರಗ ಹಿಡೀರಿ ಅಂತ ಅದರ ಕೈಪಿಡಿಯೊಳಗ ಎಚ್ಚರಿಕಿ ಕೊಟ್ಟು ಬರದಾರ.

ಹಿಂಗ ಬಾಯಿ ಮುಚ್ಚಿಸೋದು ಹೊಸಾದೇನಲ್ಲ. 1990ರ ದಶಕದಾಗ ನಾ ಬ್ಯಾಡಗಿ ಮಾರ್ಕೆಟ್ಟಿನ ಅಡತಿ ಅಂಗಡಿಗೋಳಿಗೆ ಹಳೇ ಡೇಟಾಬೇಸ್ ಭಾಷಾ ಫಾಕ್ಸ್‌ಪ್ರೊದಾಗ ಲೆಕ್ಕದ ಪ್ರೋಗ್ರಾಂ ಬರದುಕೊಡ್ತಿದ್ದದ್ದು ನಿನಗ ಗೊತ್ತಿದ್ದದ್ದ. ಗೊತ್ತಿರಲಾರದ್ದು ಒಂದೈತಿ. ಒಂದು ಅಂಗಡ್ಯಾಗ ನನ್ನ ಕೈಕೆಳಗ ಒಬ್ಬ ಹುಡುಗಾ ಇದ್ದ. ಪರದೀ ಮ್ಯಾಲ ಎರರ್ ಬಂದು ಕ್ಯಾನ್ಸಲ್ ಮಾಡ್ಲಿ, ಇಗ್ನೋರ್ ಮಾಡ್ಲಿ ಅಂತ ಕೇಳಿದ್ರ ಸಾಕು, ಮಾಲಕರು ಮಂದಿ ಮುಂದನ ಅಂವನ ಮ್ಯಾಲ ಹರಿಹಾಯ್ತಿದ್ರು. ಹುಡುಗಾ ಒಂದು ಉಪಾಯ ಹುಡುಕಿದ. ಆನ್ ಎರರ್ ಅಂತ ಬರದು ಮುಂದ ಒಂದು ನಕ್ಷತ್ರದ ಗುರುತು ಹಾಕಿದ. ಫಾಕ್ಸ್‌ಪ್ರೊದಾಗ ಆ ಗುರುತಂದ್ರ ಬರೇ ಟಿಪ್ಪಣಿ. ಎರರ್ ಬಂದ್ರ ಟಿಪ್ಪಣಿ ನಡಸು, ಅಂದ್ರ ಏನೂ ಮಾಡಬ್ಯಾಡ. ಪರದೀ ತಣ್ಣಗಾತು. ಮಾಲಕರೂ ತಣ್ಣಗಾದ್ರು.

ಮೆಣಸಿನಕಾಯಿ ಸುಗ್ಗಿ. ಹಾರ್ಡ್ ಡಿಸ್ಕ್ ತುಂಬಿ ಫೈಲಿಗೆ ಹೊಸಾ ಸಾಲು ಸೇರೋದು ನಿಂತಿತ್ತು, ತೂಕದ ಚೀಟಿ ಮಾತ್ರ ಪ್ರಿಂಟರಿನ್ಯಾಗ ಬರಾಬರಿ ಬರ್ತಿತ್ತು. ಸಂಜೀಕ ರೊಕ್ಕಾ ಕೇಳಾಕ ಬಂದ ರೈತನ ಕೈಯಾಗ ಚೀಟಿ ಐತಿ, ಲೆಕ್ಕದಾಗ ಅಂವನ ಹೆಸರ ಇಲ್ಲ. ಆ ಮನಷ್ಯಾನ್ನ ಕಳ್ಳನ್ನ ನೋಡಿದಂಗ ನೋಡಿದ್ರು. ರಾತ್ರಿ ಕೂತು ಚೀಟಿ ಕೂಡಿಸಿ ಲೆಕ್ಕಾ ಸರಿ ಮಾಡಿದ್ವಿ, ರೊಕ್ಕಾನೂ ಕೊಟ್ರು. ಹುಡುಗಾ ಮರುದಿನ ಬರಲಿಲ್ಲ. ಮುಂದ ಕಂಪ್ಯೂಟರ್ ಕೆಲಸಾನ ಬಿಟ್ಟ ಅಂತ ಕೇಳಿದೆ. ಆ ಗುರುತು ಅಂವಾ ಯಾಕ ಹಾಕಿದ ಅನ್ನೋದು ಅಲ್ಲಿ ಗೊತ್ತಿದ್ದಾಂವ ನಾ ಒಬ್ಬನ. "ನೀವು ಒದರೋದಕ್ಕ ಹೆದರಿ ಹಿಂಗ ಮಾಡ್ಯಾನ್ರಿ" ಅನ್ನೋ ಒಂದು ಮಾತು ಮಾಲಕರ ಮುಂದ ನನ್ನ ಬಾಯಿಂದ ಹೊರಡಲಿಲ್ಲ. ಇದನ್ನ ನಿಮ್ಮ ಕಾಕೂನ ಮುಂದೂ ನಾ ಆಡಿಲ್ಲ.

ಅದಕ್ಕ ಕೇಳ್ತೇನಿ, ನಿಮ್ಮಲ್ಲಿ ಒದರೋರು ಯಾರರ ಅದಾರೇನು? ಇಲ್ಲಾ ಯಾರೂ ಒದರಲಾರದನ ನೀನ ಮನಸಿನ್ಯಾಗ ಒದರಿಸ್ಕೊಂಡು ಹೆದರಾಕತ್ತೀಯೋ? ಒದರೋರು ಇದ್ದದ್ದ ಖರೇ ಆದ್ರ ಅದಕ್ಕ ಕೋಡಿನ್ಯಾಗ ಔಷಧ ಇಲ್ಲ.

ಇನ್ನ ಮುಂದಿನದು ಪಾಲಿಟೆಕ್ನಿಕ್ ಹುಡುಗರಿಗೆ ಹೇಳಿಕೊಡೋ ಅಷ್ಟರ ಮಟ್ಟಿಗಿನ ತಿಳುವಳಿಕಿ, ನಗಬ್ಯಾಡ. ಪಾಸ್ ಇದ್ದಲ್ಲಿ ಲಾಗರ್ ಡಾಟ್ ಎಕ್ಸೆಪ್ಶನ್ ಬರಿ, ಎರರ್ ಲಾಗಿನ್ಯಾಗ (ದಾಖಲೆಯೊಳಗ) ಎಲ್ಲಿಂದ ಬಂತು ಅನ್ನೋ ಟ್ರೇಸ್‌ಬ್ಯಾಕ್ ಸಮೇತ ಉಳೀತೈತಿ. ಅದರ ಕೆಳಗ ರೇಸ್ ಅಂತ ಹಾಕಿ ಎರರನ್ನ ಮ್ಯಾಲಕ್ಕ ಬಿಡು. ಇಲ್ಲದ ರೋಲ್ ನಂಬರ್ ಯಾರರ ಹಾಕಿದ್ರ 404, ಅಂದ್ರ ಸಿಗಲಿಲ್ಲ ಅನ್ನೋ ಸಂಕೇತ, ಹೋಗ್ಲಿ, ಅದರಾಗ ನಿನ್ನ ಮರ್ಯಾದಿ ಹೋಗೋದು ಏನೈತಿ? ಮಂದಿಗೆ ಕಾಣಬಾರದು ಅನ್ನೋದಾದ್ರ ಅದರ ದಾರಿ ಬ್ಯಾರೆ: ಜ್ಯಾಂಗೊ ಸೆಟ್ಟಿಂಗಿನ್ಯಾಗ ಡೀಬಗ್ ಫಾಲ್ಸ್ ಇಡು. ಟ್ರೂ ಇದ್ರ ಕೋಡಿನ ಸಾಲು, ಫೈಲಿನ ಹಾದಿ ಎಲ್ಲಾ ಕಂಡಕಂಡವರಿಗೆ ಕಾಣ್ತಾವು. 500 ಬಂದಾಗ ತೋರಸಾಕ ಒಂದು ಸಾದಾ ಪುಟ ಕನ್ನಡದಾಗ ಬರದಿಡು, ರೊಕ್ಕಾ ಕಟ್ ಆಗಿದ್ರ ಮತ್ತ ಕಟ್ಟಬ್ಯಾಡ್ರಿ, ಆಫೀಸಿಗೆ ಬರ್ರಿ ಅಂತ. ಆ ಪುಟದಾಗ ಡೇಟಾಬೇಸ್ ಮುಟ್ಟೋ ಅಂಥಾದ್ದು ಏನೂ ಇರಬಾರದು, ಕೆಟ್ಟದ್ದು ಡೇಟಾಬೇಸೇ ಇದ್ದೀತು.

ಮೇಲ್ ಸರ್ವರ್ ಜೋಡಿಸಿದ್ರ, 500 ಆದಾಗೆಲ್ಲಾ ಅಡ್ಮಿನ್ಸ್ ಪಟ್ಟಿಯೊಳಗಿದ್ದವರಿಗೆ ಜ್ಯಾಂಗೊ ತಾನ ಮೇಲ್ ಕಳಸ್ತೈತಿ. ಆ ಪಟ್ಟಿಯೊಳಗ ನಿನ್ನ ಹೆಸರ ಮೊದಲ ಹಾಕು. ಇದು ನಿನಗ ಸೇರಲಿಕ್ಕಿಲ್ಲ, ಗೊತ್ತೈತಿ. ಆದ್ರ ಮೀಟಿಂಗಿನ್ಯಾಗ ಬ್ಯಾರೆಯವರ ಬಾಯಿಂದ ಕೇಳೋಕಿಂತ ಮುಂಚಿತ ನಿನಗ ತಿಳದ್ರ ಹೆದರಿಕಿ ಅರ್ಧಾ ಇಳೀತೈತಿ ಅಂತ ನನ್ನ ಎಣಿಕಿ. ಅಂದಹಾಗ ಈ ಜ್ಯಾಂಗೊ ಹುಟ್ಟಿದ್ದು ಅಮೆರಿಕದ ಲಾರೆನ್ಸ್ ಊರಿನ ಒಂದು ಪತ್ರಿಕಾ ಕಚೇರಿಯೊಳಗ, 2005ರಾಗ ಎಲ್ಲಾರಿಗೂ ಬಿಟ್ಟುಕೊಟ್ರು. ಪತ್ರಿಕಿಯವರು ತಪ್ಪು ಅಚ್ಚಾದ್ರ ಮರುದಿನ ತಿದ್ದುಪಡಿ ಹಾಕಿ ಮುಂದಿನ ಸುದ್ದಿ ಬರೀತಾರ.

ಮೊದಲ ಫೀ ಪೇಜಿನ ಪಾಸ್ ತೆಗಿ, ಉಳಿದವು ಸಾವಕಾಶ. ಎಲ್ಲಾ ಒಮ್ಮೆಲೆ ತೆಗದ್ರ ಲಾಗ್ ತುಂಬಿ ಹರೀತೈತಿ, ಮತ್ತ ಹೆದರಿ ಹಾಕಿಬಿಡ್ತೀ. ಜಮಾ ಆಗಿ ಪಾವತಿ ಚೀಟಿ ಇಲ್ಲದ್ದು ಈಗಾಗಲೇ ಎಷ್ಟದಾವು ಅಂತ ಒಂದು ಕ್ವೆರಿ ಹಾಕಿ ನೋಡು. ನೋಡಿ, ತೆಗಿಯೋಕಿಂತ ಮೊದಲ ನಿಮ್ಮ ಟೀಮ್ ಲೀಡ್ ಮುಂದ ಹೇಳು: ಇಷ್ಟು ದಿನ ಮುಚ್ಚಿಟ್ಟಿದ್ದೆ, ಈಗ ತೆಗಿಯಾಕತ್ತೇನಿ, ಸ್ವಲ್ಪ ದಿನ ಎರರ್ ಹೆಚ್ಚಿಗಿ ಕಾಣ್ತಾವು ಅಂತ. ಅವರು ಏನಂದ್ರು ನನಗ ಬರಿ. ಒದರಿದ್ರಂತೂ ಅವತ್ತ ಫೋನ್ ಮಾಡು, ಹಾವೇರಿಂದ ಹುಬ್ಬಳ್ಳಿಗೆ ಬರಾಕ ಎಷ್ಟೊತ್ತು. ಬಂದು ಏನು ಮಾಡ್ತಿ ಕಾಕಾ ಅಂತೀ ನೀ. ಅದು ನನಗೂ ಗೊತ್ತಿಲ್ಲ. ಬರ್ತೇನಿ.

ನಿನ್ನ ಕಾಕಾ