ಸಂಧಿವಾತದ ಸುದ್ದಿಯಲ್ಲಿ ಬಿಟ್ಟುಹೋಗುವ ಅಂಕಿಗಳು

ಮಾನ್ಯ ಸಂಪಾದಕರೇ,

ಸಂಧಿವಾತಕ್ಕೆ ಕೊನೆಗೂ ಮದ್ದು ಸಿಕ್ಕಿತು ಎಂಬರ್ಥದ ತಲೆಬರಹಗಳು ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಸಂಶೋಧನೆ ನಿಜ, ಸಂತೋಷಪಡುವಂಥದ್ದೂ ಹೌದು. ಆದರೆ ಯಾವ ಕಾಯಿಲೆಗೆ, ಎಷ್ಟು ಜನರ ಮೇಲೆ, ಯಾವುದಕ್ಕೆ ಹೋಲಿಸಿ ಎಂಬ ವಿವರ ಸುದ್ದಿಯಿಂದ ಜಾರಿಹೋದರೆ, ಅದನ್ನು ಓದಿದ ರೋಗಿ ನುಂಗುತ್ತಿರುವ ಮಾತ್ರೆಯನ್ನು ನಿಲ್ಲಿಸಿ ಹೊಸ ಮದ್ದಿಗೆ ಕಾಯುತ್ತಾ ಕೂರುವ ಅಪಾಯವಿದೆ. ಆ ಅವಧಿಯಲ್ಲಿ ಉರಿಯೂತ ತಿಂದುಹಾಕಿದ ಮೂಳೆ, ಮೃದ್ವಸ್ಥಿ ಮತ್ತೆ ಮೊದಲಿನಂತಾಗುವುದಿಲ್ಲ. ಅದಕ್ಕಾಗಿ ಈ ಪತ್ರ.

ಹೆಚ್ಚು ಸದ್ದು ಮಾಡಿದ್ದು ಕಾರ್-ಟಿ ಕೋಶ ಚಿಕಿತ್ಸೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸಂಧಿವಾತ ತಜ್ಞ ಗೇಯಾರ್ಗ್ ಶೆಟ್ ಅವರ ತಂಡ ತೀವ್ರ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಸ್ವಂತ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದ್ದ 20 ವರ್ಷದ ಯುವತಿಯೊಬ್ಬಳಲ್ಲಿ ಇದನ್ನು ಪ್ರಯೋಗಿಸಿ 2021ರಲ್ಲಿ ವರದಿ ಮಾಡಿತು. ವಿಧಾನ ಹೀಗಿದೆ: ರೋಗಿಯ ರಕ್ತದಿಂದ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಬೇರ್ಪಡಿಸುತ್ತಾರೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳ ಮೈಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುವ ಶಕ್ತಿ ಕೊಡುವ ಜೀನನ್ನು ವೈರಾಣು ವಾಹಕದ ಮೂಲಕ ಅವುಗಳೊಳಗೆ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ಅಷ್ಟರಲ್ಲಿ ರೋಗಿಗೆ ಫ್ಲುಡರಾಬಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಮದ್ದುಗಳನ್ನು ಕೊಟ್ಟು ಹೊಸ ಕೋಶಗಳಿಗೆ ಜಾಗ ಮಾಡುತ್ತಾರೆ. ಆಮೇಲೆ ದೇಹದ ತೂಕದ ಪ್ರತಿ ಕಿಲೋಗೆ 10 ಲಕ್ಷ ಕೋಶಗಳಂತೆ ಒಂದೇ ಸಲ ಡ್ರಿಪ್ ಮೂಲಕ ಒಳಗೆ ಬಿಡುತ್ತಾರೆ. ಈ ಕೋಶಗಳು ಬಿ ಕೋಶಗಳನ್ನು ಬುಡಸಮೇತ ತೆಗೆದುಹಾಕುತ್ತವೆ. ಕೆಲವು ತಿಂಗಳಲ್ಲಿ ಬಿ ಕೋಶಗಳು ಮತ್ತೆ ಹುಟ್ಟುತ್ತವೆ. ಆದರೆ ಹಾಗೆ ಬಂದವು ಸ್ವಂತ ದೇಹದ ಮೇಲೆ ತಿರುಗಿಬಿದ್ದ ಹಳೆಯ ತಳಿಯವಲ್ಲ. ಈ ಚಿಕಿತ್ಸೆಯ ತಿರುಳು ಇದೇ.

2024ರಲ್ಲಿ ಅದೇ ತಂಡ 15 ರೋಗಿಗಳ ಫಲಿತಾಂಶ ಪ್ರಕಟಿಸಿತು: 8 ಮಂದಿಗೆ ಲೂಪಸ್, 3 ಮಂದಿಗೆ ಸ್ನಾಯುಗಳ ಉರಿಯೂತ, 4 ಮಂದಿಗೆ ಚರ್ಮ ಬಿಗಿಯುವ ಸಿಸ್ಟೆಮಿಕ್ ಸ್ಕ್ಲೆರೋಸಿಸ್. ಎಲ್ಲರಿಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನಿಲ್ಲಿಸಲು ಸಾಧ್ಯವಾಯಿತು. ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿ ಬಸವಳಿದವರಿಗೆ ಇದು ಎಂಥ ಬಿಡುಗಡೆ ಎಂಬುದನ್ನು ಕಡೆಗಣಿಸುವಂತಿಲ್ಲ. ಆದರೂ ಗಮನಿಸಿ: ಇದ್ದದ್ದು 15 ಮಂದಿ, ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಹೆಚ್ಚಿನವರಿಗೆ ಚುಚ್ಚಿದ ಬಳಿಕ ಜ್ವರ ಬಂತು, ಒಬ್ಬರು ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದರು. ಮುಖ್ಯವಾಗಿ, ಕೈಬೆರಳ ಗಿಣ್ಣುಗಳು ಊದಿಕೊಳ್ಳುವ ರುಮಟಾಯ್ಡ್ ಆರ್ಥ್ರೈಟಿಸ್‌ನ ರೋಗಿ ಆ 15ರಲ್ಲಿ ಒಬ್ಬರೂ ಇರಲಿಲ್ಲ. ವಯಸ್ಸಾದಂತೆ ಮಂಡಿ ಸವೆಯುವ ಆಸ್ಟಿಯೋ ಆರ್ಥ್ರೈಟಿಸ್‌ಗಂತೂ ಇದು ಸಂಬಂಧವೇ ಇಲ್ಲದ ಮಾತು. ಎಲ್ಲವನ್ನೂ 'ಸಂಧಿವಾತ' ಎಂಬ ಒಂದೇ ಪದದಲ್ಲಿ ಕಟ್ಟಿಟ್ಟರೆ ಮಂಡಿನೋವಿನ ಅಜ್ಜಿಯೂ ಕಾರ್-ಟಿ ಕೇಳುವಂತಾಗುತ್ತದೆ.

ನಮ್ಮ ಮಟ್ಟಿಗೆ ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು ಅದೇ ವರ್ಷ ಬಂದ, ಅಷ್ಟು ಸದ್ದು ಮಾಡದ ಇನ್ನೊಂದು ಅಧ್ಯಯನ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ 213 ಜನರನ್ನು ಆರಿಸಿಕೊಂಡರು. ಅವರಿಗೆ ಕೀಲುನೋವಿತ್ತು, ರಕ್ತದಲ್ಲಿ ರುಮಟಾಯ್ಡ್‌ನ ಸುಳಿವು ಕೊಡುವ ಆಂಟಿ ಸಿಸಿಪಿ ಪ್ರತಿಕಾಯವೂ ಇತ್ತು, ಆದರೆ ಊತ ಇನ್ನೂ ಬಂದಿರಲಿಲ್ಲ. ಅಂದರೆ ರುಮಟಾಯ್ಡ್ ಹೊಸ್ತಿಲಲ್ಲಿತ್ತು. ಅರ್ಧದಷ್ಟು ಜನರಿಗೆ ಟಿ ಕೋಶಗಳ ಚಟುವಟಿಕೆ ತಗ್ಗಿಸುವ ಅಬಟಾಸೆಪ್ಟ್ ಚುಚ್ಚುಮದ್ದನ್ನು ವಾರಕ್ಕೊಂದರಂತೆ ಒಂದು ವರ್ಷ ಕೊಟ್ಟರು, ಉಳಿದವರಿಗೆ ಹುಸಿಮದ್ದು. ವರ್ಷದ ಕೊನೆಗೆ ಮದ್ದು ಪಡೆದವರಲ್ಲಿ ಶೇ 6 ಮಂದಿಗೆ, ಹುಸಿಮದ್ದಿನವರಲ್ಲಿ ಶೇ 29 ಮಂದಿಗೆ ಕಾಯಿಲೆ ಕಾಣಿಸಿಕೊಂಡಿತ್ತು. ಮದ್ದು ನಿಲ್ಲಿಸಿ ಮತ್ತೊಂದು ವರ್ಷ ಕಳೆದಾಗ ಈ ಅಂಕಿಗಳು ಶೇ 25 ಮತ್ತು ಶೇ 37 ಆದವು. ಶೇ 6 ಎಂಬಲ್ಲಿಗೇ ನಿಲ್ಲುವ ಸುದ್ದಿ ಕಾಯಿಲೆಯನ್ನು ತಡೆದೇಬಿಟ್ಟರು ಎನ್ನುತ್ತದೆ. ಎರಡನೆಯ ವರ್ಷದ ಅಂಕಿಯನ್ನೂ ಓದಿದರೆ ತಡೆದದ್ದಕ್ಕಿಂತ ಮುಂದೂಡಿದ್ದೇ ಹೆಚ್ಚು ಎಂದು ತಿಳಿಯುತ್ತದೆ. ಹಾಗಿದ್ದರೂ ಇದು ಸಣ್ಣ ವಿಷಯವಲ್ಲ. ಊತ ಬರುವ ಮೊದಲೇ ಕಾಯಿಲೆಯ ದಿಕ್ಕನ್ನು ಬದಲಿಸಬಹುದು ಎಂಬುದಕ್ಕೆ ಇದು ಸಾಕ್ಷ್ಯ.

ಊತ ಬಂದ ಮೇಲೂ ಕಾಲ ಮಿಂಚಿರುವುದಿಲ್ಲ, ಆದರೆ ಗಡುವು ಚಿಕ್ಕದು. ಲಕ್ಷಣ ಶುರುವಾದ ಆರು ವಾರದೊಳಗೆ ತಜ್ಞರನ್ನು ಕಾಣಬೇಕು, ಮೂರು ತಿಂಗಳೊಳಗೆ ಕಾಯಿಲೆಯನ್ನೇ ಹತೋಟಿಗೆ ತರುವ ಮದ್ದು ಆರಂಭವಾಗಬೇಕು ಎಂಬುದು ಯುರೋಪಿನ ತಜ್ಞರ ಮಾರ್ಗಸೂಚಿ. ನೋವಿನ ಮಾತ್ರೆ ನೋವನ್ನು ಮಾತ್ರ ತಗ್ಗಿಸುತ್ತದೆ, ಮೂಳೆ ಕೊರೆಯುವುದನ್ನು ನಿಲ್ಲಿಸುವುದಿಲ್ಲ. ತಡವಾಗುವುದು ಬಹಳ ಸಲ ಇಲ್ಲೇ.

ರುಮಟಾಯ್ಡ್ ಗುರುತಿಸುವುದು ಹೇಗೆ? ಬೆಳಿಗ್ಗೆ ಎದ್ದಾಗ ಕೈ ಬಿಗಿದುಕೊಂಡು, ಮುಷ್ಟಿ ಕಟ್ಟಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತದೆಯೇ ನೋಡಿ. ಸವೆತದ ನೋವಾದರೆ ಕೆಲವೇ ನಿಮಿಷಗಳಲ್ಲಿ ಸಡಿಲವಾಗುತ್ತದೆ, ದಿನವಿಡೀ ದುಡಿದ ಮೇಲೆ ಹೆಚ್ಚುತ್ತದೆ. ಕೈಕುಲುಕುವಾಗಿನಂತೆ ಅಂಗೈಯನ್ನು ಅಡ್ಡಲಾಗಿ ಹಿಡಿದು, ಬೆರಳುಗಳ ಬುಡದ ನಾಲ್ಕು ಗೆಣ್ಣುಗಳನ್ನು ಒಟ್ಟಿಗೆ ಮೆಲ್ಲನೆ ಅದುಮಿ. ಚುರುಕ್ಕೆಂದು ನೋವಾದರೆ ಅನುಮಾನ ಬಲವಾಗುತ್ತದೆ. ಊತವನ್ನು ಮುಟ್ಟಿ ನೋಡಿ: ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ಉರಿಯೂತ, ಕಲ್ಲಿನಂತೆ ಗಟ್ಟಿಯಾಗಿ ಉಗುರಿನ ಹತ್ತಿರದ ಗೆಣ್ಣಿನಲ್ಲಿದ್ದರೆ ಸಾಮಾನ್ಯವಾಗಿ ಸವೆತ. ಕಾಲ್ಬೆರಳ ಬುಡವನ್ನೂ ಹೀಗೇ ಪರೀಕ್ಷಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ.

ರಕ್ತಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ ವಯಸ್ಸಾದ ಕೆಲವು ಆರೋಗ್ಯವಂತರಲ್ಲೂ, ಹೆಪಟೈಟಿಸ್ ಸಿ ಇದ್ದವರಲ್ಲೂ ಪಾಸಿಟಿವ್ ಬರುತ್ತದೆ. ಆಂಟಿ ಸಿಸಿಪಿ ಹೆಚ್ಚು ನಂಬಲರ್ಹ. ಆದರೂ ರುಮಟಾಯ್ಡ್ ಇರುವ ಐವರಲ್ಲಿ ಒಬ್ಬರಿಗಾದರೂ ಎರಡೂ ನೆಗೆಟಿವ್. ವರದಿ ಚೆನ್ನಾಗಿದೆ ಎಂದು ಊದಿದ ಕೈಯನ್ನು ಮನೆಗೆ ಕಳಿಸುವುದು ತಪ್ಪು.

ಇನ್ನು ಹಳೆಯ ಮಾತ್ರೆ ಮೆಥೊಟ್ರೆಕ್ಸೇಟ್. ಇಷ್ಟು ಹೊಸ ಮದ್ದುಗಳು ಬಂದರೂ ರುಮಟಾಯ್ಡ್ ಚಿಕಿತ್ಸೆ ಇಂದಿಗೂ ಶುರುವಾಗುವುದು ಇದರಿಂದಲೇ. ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಅಸ್ಥಿಮಜ್ಜೆ ರಕ್ತಕಣಗಳನ್ನು ಮಾಡುವುದನ್ನು ನಿಲ್ಲಿಸುತ್ತದೆ, ಪ್ರಾಣವೂ ಹೋಗುತ್ತದೆ. ತಪ್ಪು ಆಗುವುದು ಸಲೀಸು. 2.5 ಮಿಲಿಗ್ರಾಂನ 6 ಮಾತ್ರೆ ಎಂದರೆ 15 ಮಿಲಿಗ್ರಾಂ. ಅದೇ ಅಂಗಡಿಯವರು 10 ಮಿಲಿಗ್ರಾಂ ಮಾತ್ರೆ ಕೊಟ್ಟು, ರೋಗಿ ರೂಢಿಯಂತೆ 6 ನುಂಗಿದರೆ 60. ಆದ್ದರಿಂದ ಚೀಟಿಯಲ್ಲಿ ಮಿಲಿಗ್ರಾಂ, ಮಾತ್ರೆಗಳ ಸಂಖ್ಯೆ, ವಾರದ ದಿನದ ಹೆಸರು ಮೂರೂ ಇರಲೇಬೇಕು. ಫೋಲಿಕ್ ಆಸಿಡ್ ಮಾತ್ರೆಯನ್ನು ಬೇರೊಂದು ದಿನ ತಪ್ಪದೆ ನುಂಗಬೇಕು. ಮದ್ದು ಹೊರಹೋಗುವುದು ಮೂತ್ರಪಿಂಡದ ಮೂಲಕ. ವಾಂತಿ ಭೇದಿಯಿಂದ ಮೈನೀರು ಬತ್ತಿದ ವಾರ ವೈದ್ಯರನ್ನು ಕೇಳದೆ ನುಂಗಬೇಡಿ. ಸೋಂಕಿಗೆಂದು ಕೋ-ಟ್ರೈಮೋಕ್ಸಜೋಲ್ ಎಂಬ ಆಂಟಿಬಯಾಟಿಕ್ ಬರೆದರೆ, ಮೆಥೊಟ್ರೆಕ್ಸೇಟ್ ನುಂಗುತ್ತಿರುವುದಾಗಿ ಕೂಡಲೇ ಹೇಳಿ. ಎರಡೂ ಸೇರಿದರೆ ಮಜ್ಜೆಗೆ ಪೆಟ್ಟು. ಗರ್ಭ ಧರಿಸುವ ಯೋಚನೆ ಇರುವ ಮಹಿಳೆಯರು ತಿಂಗಳುಗಳ ಮೊದಲೇ ವೈದ್ಯರೊಂದಿಗೆ ಮಾತಾಡಿ ಮದ್ದು ಬದಲಿಸಿಕೊಳ್ಳಬೇಕು.

ಪರಿಣಾಮ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಮೂರನೆಯ ವಾರಕ್ಕೆ ರೋಗಿ ಕೈಬಿಡುತ್ತಾನೆ. ಮೂರು ತಿಂಗಳಾದರೂ ಏನೂ ಸುಧಾರಣೆ ಇಲ್ಲದಿದ್ದರೆ ಮದ್ದು ಬದಲಿಸುವುದು ಅಥವಾ ಇನ್ನೊಂದನ್ನು ಸೇರಿಸುವುದು ವೈದ್ಯರ ಹೊಣೆ.

ಹೊಸ ಮಾತ್ರೆಗಳ ಬಗ್ಗೆಯೂ ಒಂದು ಮಾತು. ರುಮಟಾಯ್ಡ್‌ಗೆ ಕೊಡುವ ಟೊಫಾಸಿಟಿನಿಬ್ ಬೇಗ ಕೆಲಸ ಮಾಡುತ್ತದೆ, ಚುಚ್ಚುವ ಗೋಜಿಲ್ಲ. ಆದರೆ ಹೃದ್ರೋಗದ ಒಂದಾದರೂ ಅಪಾಯಾಂಶವಿದ್ದ 50 ದಾಟಿದವರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಪ್ರೋಟೀನ್) ತಡೆಯುವ ಚುಚ್ಚುಮದ್ದು ಪಡೆದವರಿಗಿಂತ ಇದನ್ನು ನುಂಗಿದವರಲ್ಲಿ ಹೆಚ್ಚು ಕಂಡವು. ಧೂಮಪಾನಿಗಳು ವಿಶೇಷವಾಗಿ ಎಚ್ಚರ ವಹಿಸಬೇಕು.

ತಮ್ಮಲ್ಲಿ ಕೋರಿಕೆ ಎರಡು. ಇಂಥ ಸುದ್ದಿ ಹಾಕುವಾಗ ಕಾಯಿಲೆಯ ನಿರ್ದಿಷ್ಟ ಹೆಸರು, ರೋಗಿಗಳ ಸಂಖ್ಯೆ, ಮದ್ದು ನಿಲ್ಲಿಸಿದ ಮೇಲೆ ಏನಾಯಿತು ಎಂಬುದನ್ನು ಮೊದಲ ಪ್ಯಾರಾದಲ್ಲೇ ಕೊಡಿ. ಹಾಗೆಯೇ ಆರೋಗ್ಯ ಪುಟದಲ್ಲಿ ಮೆಥೊಟ್ರೆಕ್ಸೇಟ್ ಹೆಸರು ಬಂದಲ್ಲೆಲ್ಲ ಪಕ್ಕದಲ್ಲೇ 'ವಾರಕ್ಕೊಮ್ಮೆ' ಎಂದು ಅಚ್ಚಾಗಲಿ.

– ಸಂಧಿವಾತ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು